ಮೂಲೆ ಕತ್ತರಿಸುವ ತೊಟ್ಟಿಲು



ಚನ್ನಪಟ್ಟಣದ ಗೊಂಬೆ ನೀವೆಲ್ಲ ನೋಡಿದ್ದೀರಿ. ಕೆಂಪು, ಹಳದಿ, ಹಸಿರು. ಮುಟ್ಟಿದರೆ ನುಣುಪು. ಮಗು ಬಾಯಿಗೆ ಇಟ್ಟುಕೊಂಡರೂ ಚುಚ್ಚುವುದಿಲ್ಲ. ಯಾಕೆ? ಅದಕ್ಕೆ ಮೂಲೆಯೇ ಇಲ್ಲ. ಲೇತ್ ಮಿಷನ್ನಿನಲ್ಲಿ ಮರ ಗಿರ್ರನೆ ತಿರುಗುತ್ತದೆ. ಉಳಿ ಹಿಡಿದರೆ ಮರ ಗುಂಡಗಾಗುತ್ತದೆ. ಆಮೇಲೆ ಬಣ್ಣದ ಅರಗು ಒತ್ತುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ.

ಈ ಗೊಂಬೆಗೆ ಬೇಕಾದ್ದು ಆಲೆ ಮರ. ಆಲದ ಮರ ಅಲ್ಲ, ಆಲೆ ಮರ. ಎರಡೂ ಪದ ಒಮ್ಮೆ ಬರೆದು ನೋಡಿ. ಒಂದು ಅಕ್ಷರ ಬೇರೆಯಾದರೆ ಮರವೇ ಬೇರೆ! ಆಲೆ ಮರ ಬೆಳ್ಳಗಿರುತ್ತದೆ. ಮೆದು. ಎಳೆ ನಯ. ಗೀರಿದರೆ ಹಾಲು ಬರುತ್ತದೆ. ಆದರೆ ಕೊಂಬೆ ದಪ್ಪ ಇರುವುದಿಲ್ಲ. ಗಿಲಕಿಗೆ, ಬುಗುರಿಗೆ ಸಾಕು. ದೊಡ್ಡ ಹೂದಾನಿ ಮಾಡಬೇಕಾದರೆ?

ಆಗ ಹಲಗೆಗಳನ್ನು ಒಂದರ ಮೇಲೆ ಒಂದಿಟ್ಟು ಅಂಟಿಸಬೇಕು. ಅಂಟಿಸಿದ ತುಂಡು ಚೌಕವಾಗಿರುತ್ತದೆ. ಚೌಕಕ್ಕೆ ಮೂಲೆ ಇರುತ್ತದೆ. ಈ ಪಾಠ ಆ ಮೂಲೆಯ ಪಾಠ.

ಹಣೆಯ ಗಾಯ

ನಮ್ಮ ಸಂಜೆ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಲೇತ್ ಕೆಲಸ ಮಾಡುತ್ತಾರೆ. ಎಲ್ಲರೂ ಅವರನ್ನು ಲೇತಕ್ಕ ಅಂತಲೇ ಕರೆಯುತ್ತೇವೆ. ಒಂದು ದಿನ ಹಣೆಗೆ ಬಟ್ಟೆ ಕಟ್ಟಿಕೊಂಡು ಬಂದರು.

"ಏನಕ್ಕ ಇದು? ಬಿದ್ರಾ?"

"ಬೀಳ್ಲಿಲ್ಲ ಟೀಚರ್. ಮರ ಹಾರ್ತು."

"ಮರ ಹಾರ್ತಾ?"

"ಅಂಟ್ಸಿದ್ದು. ಹೂದಾನಿಗೆ ಅಂತ ಹತ್ತು ಸೆಂಟಿಮೀಟರಿನ ಚೌಕ ತುಂಡು. ಹಂಗೇ ಲೇತಿಗೆ ಏರಿಸ್ದೆ. ಉಳಿ ಇಟ್ಟ ತಕ್ಷಣ ಟಪ್ ಅಂತ ಸೀಳ್ಕೊಂಡು ಬಂತು. ಒಂದು ಬೆರಳು ಕೆಳಗೆ ಬಂದಿದ್ರೆ ಕಣ್ಣೇ ಹೋಗೋದು."

ನಾವೆಲ್ಲ ಸುಮ್ಮನಾದೆವು. ಆ ದಿನ ಪಾಠ ಮುಂದೆ ಹೋಗಲಿಲ್ಲ. ಮರುದಿನ ನಾನು ಅವರ ಶೆಡ್ಡಿಗೆ ಹೋದೆ. ಅವರಿಗೆ ಮರ ಕೊಯ್ದು ಕೊಡುವ ಆಚಾರ್ರೂ ಅಲ್ಲೇ ಇದ್ದರು.

ಆಚಾರ್ರು ಹೇಳಿದ್ದು ಇಷ್ಟು. ಗುಂಡು ಮರ ತಿರುಗುವಾಗ ಉಳಿ ಒಂದೇ ಸಮ ಮರಕ್ಕೆ ತಾಗುತ್ತದೆ. ಚೌಕ ಮರ ತಿರುಗುವಾಗ ಹಾಗಲ್ಲ. ಮೂಲೆ, ಖಾಲಿ, ಮೂಲೆ, ಖಾಲಿ. ಒಂದು ಸುತ್ತಿಗೆ ನಾಲ್ಕು ಏಟು. ಸುತ್ತಿಗೆಯಿಂದ ಹೊಡೆದ ಹಾಗೆ. ತುಂಡು ದಪ್ಪ ಆದಷ್ಟೂ ಏಟು ಜೋರು. ಗಟ್ಟಿಯಾಗಿ ಅಂಟಿದ್ದರೆ ತಡೆದೀತು. ಅಂಟು ಹಸಿ ಇದ್ದರೆ ತಡೆಯುವುದಿಲ್ಲ.

"ಯಾವಾಗ ಅಂಟ್ಸಿದ್ದೆ ತಾಯಿ?" ಅಂತ ಆಚಾರ್ರು ಕೇಳಿದರು.

"ಬೆಳಿಗ್ಗೆ."

"ಲೇತಿಗೆ ಹಾಕಿದ್ದು?"

"ಮಧ್ಯಾಹ್ನ."

ಆಚಾರ್ರು ತಲೆ ಚಚ್ಚಿಕೊಂಡರು. ಮರಕ್ಕೆ ಹಾಕುವ ಬಿಳಿ ಅಂಟು ಮೇಲೆ ಬೇಗ ಒಣಗಿದ ಹಾಗೆ ಕಾಣುತ್ತದೆ. ಒಳಗೆ ಹಸಿ ಇರುತ್ತದೆ. ಒಂದು ಹಗಲು, ಒಂದು ರಾತ್ರಿ, ಅಂದರೆ 24 ಗಂಟೆ ಬಿಗಿದು ಇಡಬೇಕು. ಅಂಟಿಸಿದ ದಿನ, ಹೊತ್ತು ಎರಡನ್ನೂ ತುಂಡಿನ ಮೇಲೆ ಸೀಸದಕಡ್ಡಿಯಲ್ಲಿ ಬರೆದುಬಿಡಿ. ನೆನಪು ಮೋಸ ಮಾಡುತ್ತದೆ.

ಮೂರು ಹಲಗೆ

ಲೇತಕ್ಕ ಇನ್ನೊಂದು ತಪ್ಪು ಮಾಡಿದ್ದರು. ಅದು ತಪ್ಪು ಅಂತ ನನಗೂ ಗೊತ್ತಿರಲಿಲ್ಲ. ಅವರು 5 ಸೆಂ.ಮೀ. ದಪ್ಪದ ಎರಡು ಹಲಗೆ ಅಂಟಿಸಿದ್ದರು. 5 + 5 = 10. ಲೆಕ್ಕ ಸರಿ. ಆದರೆ ಅಂಟಿನ ಗೆರೆ ಎಲ್ಲಿ ಬಂತು? ನಟ್ಟನಡುವೆ. ಲೇತಿನ ಚೂಪು ಮೊನೆ ಒತ್ತುವುದೂ ನಟ್ಟನಡುವೆಯೇ. ಆ ಮೊನೆ ಅಂಟಿನ ಗೆರೆಯೊಳಗೆ ಹೊಕ್ಕಿತು. ಸೌದೆ ಸೀಳುವಾಗ ಬೆಣೆ ಹೊಡೆಯುತ್ತೀರಲ್ಲ, ಹಾಗೆ ಸೀಳಿತು.

ಆದ್ದರಿಂದ ಮೂರು ಹಲಗೆ ಅಂಟಿಸಿ. 3 ಸೆಂ.ಮೀ., 4 ಸೆಂ.ಮೀ., 3 ಸೆಂ.ಮೀ.

3 + 4 + 3 = 10.

ಈಗ ನಡುವೆ 4 ಸೆಂ.ಮೀ. ಗಟ್ಟಿ ಮರ ಇದೆ. ಮೊನೆ ಅಲ್ಲಿ ಕೂರುತ್ತದೆ. ಮೂರು ಹಲಗೆಯ ಎಳೆಯೂ ಉದ್ದಕ್ಕೆ ಒಂದೇ ಕಡೆ ಇರಲಿ. ಅಂಟಿಸುವ ಮುಖಕ್ಕೆ ತೋಪಡ ಹೊಡೆದಿರಬೇಕು. ಎರಡು ಹಲಗೆ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಇನ್ನೂ ತೋಪಡ ಬೇಕು. ಅಂಟು ದಪ್ಪ ಬಳಿದರೆ ಸಂದು ಮುಚ್ಚೀತು ಅನ್ನುವುದು ಸುಳ್ಳು.

ಬಿಗಿದಾಗ ಪಕ್ಕದಿಂದ ಅಂಟು ಉಕ್ಕಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಅದು ಮೊಸರಿನ ಕೆನೆಯ ಹಾಗೆ ಆಗುತ್ತದೆ. ಆಗಲೇ ಹಳೆ ಉಳಿಯಿಂದ ಹೆರೆದು ತೆಗೆಯಿರಿ. ಬಿಟ್ಟರೆ ಕಲ್ಲಾಗುತ್ತದೆ. ತುಂಡು ಆಮೇಲೆ ತೊಟ್ಟಿಲಿನಲ್ಲಿ ನೆಟ್ಟಗೆ ಕೂರುವುದಿಲ್ಲ.

ದಾರದ ಅಳತೆ

ನಾಲ್ಕು ಮೂಲೆ ತೆಗೆದರೆ ಚೌಕಕ್ಕೆ ಎಂಟು ಮುಖ ಆಗುತ್ತದೆ. ಎಂಟು ಮುಖ ಎಂದರೆ ಆಗಲೇ ಗುಂಡಗಿನ ಹತ್ತಿರ. ಎಷ್ಟು ಮೂಲೆ ತೆಗೆಯಬೇಕು? ಹೆಚ್ಚು ತೆಗೆದರೆ ಹೂದಾನಿ ಸಣ್ಣದಾಗುತ್ತದೆ. ಕಡಿಮೆ ತೆಗೆದರೆ ಏಟು ಹಾಗೇ ಉಳಿಯುತ್ತದೆ.

ಇದಕ್ಕೆ ಒಂದು ದಾರ ಸಾಕು. ತುಂಡಿನ ತಲೆಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ. ಗೆರೆ ಕೂಡುವ ಜಾಗ ನಡು. ಈಗ ದಾರದ ತುದಿಯನ್ನು ಒಂದು ಮೂಲೆಯಲ್ಲಿ ಹಿಡಿಯಿರಿ. ನಡುವಿನ ತನಕ ಎಳೆದು ಗಂಟು ಹಾಕಿ. ಮೂಲೆ ಬಿಡಬೇಡಿ. ಅದೇ ದಾರವನ್ನು ಅಂಚಿಗೆ ತಿರುಗಿಸಿ. ಗಂಟು ಬಂದ ಕಡೆ ಗುರುತು ಮಾಡಿ. ಇನ್ನೊಂದು ಅಂಚಿಗೂ ಹಾಗೆಯೇ. ನಾಲ್ಕೂ ಮೂಲೆಯಿಂದ ಮಾಡಿದರೆ ಎಂಟು ಗುರುತು ಆಗುತ್ತದೆ. ಪ್ರತಿ ಮೂಲೆಯ ಹತ್ತಿರ ಇರುವ ಎರಡು ಗುರುತು ಸೇರಿಸಿ ಗೆರೆ ಎಳೆಯಿರಿ. ಗೆರೆಯ ಹೊರಗಿನ ಮೂಲೆ ಹೋಗಬೇಕು.

ಲೇತಕ್ಕ ದಾರವನ್ನು ಟೇಪಿನ ಮೇಲಿಟ್ಟು ಓದಿದರು. "ಏಳು ಟೀಚರ್. ಏಳಕ್ಕೆ ಒಂಚೂರು ಜಾಸ್ತಿ." ಸರಿಯಾಗಿಯೇ ಓದಿದರು. ತುಂಡಿನ ಅಗಲ 10. ದಾರ 7. ಹಾಗಾದರೆ ಮೂಲೆಯಿಂದ ಗುರುತಿಗೆ ಎಷ್ಟು?

10 − 7 = 3.

ಎರಡು ಕಡೆಯೂ 3 ಹೋದರೆ ನಡುವೆ ಎಷ್ಟು ಉಳಿಯಿತು?

10 − 3 − 3 = 4.

ಇದರಿಂದ ಎಷ್ಟು ಕೆಲಸ ಉಳಿಯುತ್ತದೆ ನೋಡಿ. ಚೌಕ ತುಂಡಿನಲ್ಲಿ 100 ಪಾಲು ಮರ ಇದೆ ಅಂತ ಇಟ್ಟುಕೊಳ್ಳಿ. ಅದರೊಳಗೆ ಕೂರುವ ಗುಂಡು ಸುಮಾರು 79 ಪಾಲು. ಮಿಕ್ಕ 21 ಪಾಲು ಉಳಿಯಿಂದಲೇ ತೆಗೆಯಬೇಕು. ಅದು ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ಮೂಲೆಗಳನ್ನು ಮೊದಲೇ ಕತ್ತರಿಸಿದರೆ 17 ಪಾಲು ಅಲ್ಲೇ ಹೋಗುತ್ತದೆ. ಉಳಿಗೆ ಉಳಿಯುವುದು 4 ಪಾಲು ಮಾತ್ರ.

ಕತ್ತರಿಸಿದ ಮೂಲೆ ದಂಡವಲ್ಲ. ಅದು ಮೂರು ಮುಖದ ಉದ್ದ ಕಡ್ಡಿ. ನಮ್ಮ ಹೊರ ಹಲಗೆ 3 ಸೆಂ.ಮೀ. ದಪ್ಪ. ಮೂಲೆಯೂ 3 ಸೆಂ.ಮೀ. ಆದ್ದರಿಂದ ಆ ಕಡ್ಡಿಯಲ್ಲಿ ಅಂಟಿನ ಗೆರೆಯೇ ಬರುವುದಿಲ್ಲ. ಅದರಲ್ಲಿ ಒಂದೂವರೆ ಸೆಂ.ಮೀ. ದಪ್ಪದ ಮಣಿ ತೆಗೆಯಬಹುದು. ಆಲೆ ಮರ ಪುಕ್ಕಟೆ ಬರುವುದಿಲ್ಲ. ಹೊಟ್ಟು ಒಲೆಗೆ, ಮಣಿ ಅಂಗಡಿಗೆ.

ಕೈಯಲ್ಲಿ ಹಿಡಿದು ಕೊಯ್ಯಬೇಡಿ

ಮೂಲೆ ಕತ್ತರಿಸುವುದು ಬ್ಯಾಂಡ್ ಸಾ ಮಿಷನ್ನಿನಲ್ಲಿ. ಅದರಲ್ಲಿ ಎರಡು ಗಾಲಿ ಇರುತ್ತವೆ. ಒಂದು ಮೇಲೆ, ಒಂದು ಕೆಳಗೆ. ಹೊಲಿಗೆ ಮಿಷನ್ನಿನ ಬೆಲ್ಟಿನ ಹಾಗೆ ಉಕ್ಕಿನ ಪಟ್ಟಿ ಎರಡನ್ನೂ ಸುತ್ತುತ್ತದೆ. ಪಟ್ಟಿಗೆ ಹಲ್ಲು. ಹಲ್ಲು ಮೇಲಿಂದ ಕೆಳಕ್ಕೆ ಓಡುತ್ತದೆ. ಮರವನ್ನು ಮೇಜಿಗೆ ಒತ್ತುತ್ತಾ ಕೊಯ್ಯುತ್ತದೆ.

ಮರ ಮೇಜಿನ ಮೇಲೆ ಚಪ್ಪಟೆ ಕೂತಿದ್ದರೆ ಈ ಮಿಷನ್ನು ಸಾಧು. ಮೂಲೆ ತೆಗೆಯಬೇಕಾದರೆ ತುಂಡನ್ನು ಓರೆಯಾಗಿ ನಿಲ್ಲಿಸಬೇಕು. ಮೂಲೆಯ ಮೇಲೆ ನಿಂತ ತುಂಡಿನ ಕೆಳಗೆ ಏನೂ ಇಲ್ಲ. ಹಲ್ಲು ಕೆಳಕ್ಕೆ ಎಳೆದ ಕೂಡಲೇ ತುಂಡು ಮಗುಚುತ್ತದೆ. ಹಿಡಿದ ಕೈಯನ್ನೂ ತನ್ನ ಜೊತೆಗೇ ಎಳೆದುಕೊಳ್ಳುತ್ತದೆ. "ನಾನು ಗಟ್ಟಿ ಹಿಡೀತೀನಿ" ಅಂತ ಯಾರಾದರೂ ಅಂದರೆ ಕೇಳಬೇಡಿ. ಮೋಟಾರಿಗಿಂತ ಗಟ್ಟಿ ಕೈ ಯಾರಿಗೂ ಇಲ್ಲ.

ಅದಕ್ಕೇ ತೊಟ್ಟಿಲು ಬೇಕು. ಕಾರ್ಖಾನೆಯವರು ಇದಕ್ಕೆ ಜಿಗ್ ಅನ್ನುತ್ತಾರೆ. ಮರವನ್ನು ಹಿಡಿದುಕೊಂಡು, ಹೇಳಿದ ಅಳತೆಗೇ ಕೊಯ್ಯಿಸುವ ಸಾಧನ. ಲೇತಕ್ಕನಿಗೆ ಜಿಗ್ ಅನ್ನುವ ಪದ ಹಿಡಿಸಲಿಲ್ಲ. "ಮಗೂನ ಮಲಗಿಸ್ದಂಗೆ ಮಲಗ್ಸೋದು ತಾನೆ? ತೊಟ್ಟಿಲು ಅನ್ನಿ" ಅಂದರು. ಶೆಡ್ಡಿನಲ್ಲಿ ಈಗ ಎಲ್ಲರೂ ಹಾಗೇ ಅನ್ನುತ್ತಾರೆ.

ತೊಟ್ಟಿಲು ಮಾಡುವುದು

ಬೇಕಾದ ಸಾಮಾನು ಹೆಚ್ಚಿಲ್ಲ. 18 ಮಿ.ಮೀ. ದಪ್ಪದ ಪ್ಲೈವುಡ್ ಒಂದು ತುಂಡು, 45 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ. ಇದು ಅಡಿ ಹಲಗೆ. ಒಂದು ಗಟ್ಟಿ ಮರದ ಪಟ್ಟಿ, 5 ಸೆಂ.ಮೀ. ಚೌಕ, 40 ಸೆಂ.ಮೀ. ಉದ್ದ. ಹಿಂಬದಿಗೆ ಒಂದು ಹಲಗೆ. ಅಂಟು, ಕೆಲವು ಸ್ಕ್ರೂ, ಒಂದು ಹಿಡಿ.

5 ಸೆಂ.ಮೀ. ಚೌಕ ಪಟ್ಟಿಯನ್ನು ಉದ್ದಕ್ಕೆ ಮೂಲೆಯಿಂದ ಮೂಲೆಗೆ ಸೀಳಿಸಿ. ಇದನ್ನು ಮಾತ್ರ ಆಚಾರ್ರ ಕೈಯಲ್ಲೇ ಮಾಡಿಸಿ. ಕೇಕು ಕತ್ತರಿಸಿದ ಹಾಗೆ ಎರಡು ಮುಮ್ಮೂಲೆ ಪಟ್ಟಿ ಸಿಗುತ್ತವೆ. ಒಂದು ಬದಿ ಎತ್ತರ, ಒಂದು ಬದಿ ಚೂಪು.

ಅಡಿ ಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಬಲ ಅಂಚಿನಿಂದ 5 ಸೆಂ.ಮೀ. ದೂರದಲ್ಲಿ. ಎರಡು ಪಟ್ಟಿಯ ಚೂಪು ಬದಿ ಈ ಗೆರೆಯ ಮೇಲೆ ಒಂದಕ್ಕೊಂದು ತಾಗಬೇಕು. ಎತ್ತರದ ಬದಿ ಹೊರಗೆ ಇರಬೇಕು. ಈಗ ನಡುವೆ ಒಂದು ಕಣಿವೆ ಆಯಿತು. ಅದರಲ್ಲಿ ಮೂಲೆಮಟ್ಟ ಇಟ್ಟು ನೋಡಿ. ಎರಡು ಕಡೆಯೂ ಸಂದಿಲ್ಲದೆ ಕೂತರೆ ಸರಿ. ಅಂಟು ಹಾಕಿ. ಕೆಳಗಿನಿಂದ ಸ್ಕ್ರೂ ಹಾಕಿ.

ಬಲ ಅಂಚಿನ ಹತ್ತಿರ ಮಾತ್ರ ಸ್ಕ್ರೂ ಬೇಡ. ಅದು ಬ್ಲೇಡು ಹೋಗುವ ದಾರಿ. ಹಲ್ಲಿಗೆ ಸ್ಕ್ರೂ ಸಿಕ್ಕಿದರೆ ಬ್ಲೇಡು ಹಾಳು. ಬ್ಲೇಡು ತುಂಡಾದರೆ ಹತ್ತಿರ ನಿಂತವರಿಗೂ ಕಷ್ಟ.

ಹಿಂಬದಿ ಹಲಗೆಯನ್ನು ತೊಟ್ಟಿಲಿನ ಹಿಂದಿನ ತುದಿಗೆ ನೆಟ್ಟಗೆ ನಿಲ್ಲಿಸಿ ಬಿಗಿಯಿರಿ. ಅದು ಬಲ ಅಂಚಿನಿಂದ ಹೊರಗೆ ಬರಬಾರದು. ಕಣಿವೆಯ ತಳದಿಂದ 7 ಸೆಂ.ಮೀ. ಮೇಲೆ, ಅದೇ ಗೆರೆಯ ನೇರಕ್ಕೆ, ಹಿಂದಿನಿಂದ ಒಂದು ಸ್ಕ್ರೂ ತೂರಿಸಿ. ಮೊನೆ ಅರ್ಧ ಸೆಂ.ಮೀ. ಒಳಗೆ ಕಾಣಲಿ. ಯಾಕೆ 7? ದಾರದ ಅಳತೆ ನೆನಪಿದೆಯಾ? ಮೂಲೆಯಿಂದ ನಡುವಿಗೆ 7. ತುಂಡು ಕಣಿವೆಯಲ್ಲಿ ಮಲಗಿದಾಗ ಅದರ ನಡು ಈ ಮೊನೆಯ ನೇರಕ್ಕೇ ಬರುತ್ತದೆ. ಕೊಡತಿಯಿಂದ ಒಂದು ಏಟು ಕೊಟ್ಟರೆ ಮೊನೆ ಕಚ್ಚುತ್ತದೆ. ಆ ತೂತು ಆಮೇಲೆ ಲೇತಿನ ಮೊನೆಗೂ ಆಗುತ್ತದೆ.

ಹಿಡಿಯನ್ನು ಎಡಗಡೆ, ಹಿಂಬದಿ ಹಲಗೆಯ ಹಿಂದೆ ಕೂರಿಸಿ. ಬ್ಲೇಡು ಬಲಕ್ಕೆ, ಕೈ ಎಡಕ್ಕೆ.

ಕೊಯ್ಯುವಾಗ

ಮೊದಲು ಮಿಷನ್ನು ಆರಿಸಿ. ಪ್ಲಗ್ಗೂ ತೆಗೆಯಿರಿ. ಬ್ಲೇಡಿನ ಮೇಲಿನ ಕಾಪನ್ನು ಎತ್ತಿ ಎತ್ತರ ನೋಡಿ. 10 ಸೆಂ.ಮೀ. ಚೌಕ ತುಂಡು ಮೂಲೆಯ ಮೇಲೆ ನಿಂತರೆ 14 ಸೆಂ.ಮೀ. ಎತ್ತರ. ಅಡಿ ಹಲಗೆ ಸೇರಿ 16. ಸಣ್ಣ ಮಿಷನ್ನಿನಲ್ಲಿ ಅಷ್ಟು ಜಾಗ ಇರದೆ ಹೋಗಬಹುದು. ಆಗ ತೊಟ್ಟಿಲನ್ನೂ ತುಂಡನ್ನೂ ಸಣ್ಣ ಅಳತೆಗೆ ಮಾಡಿ. ಜಾಗ ಇದ್ದರೆ ಕಾಪನ್ನು ತುಂಡಿನ ತಲೆಗೆ ಒಂದು ಬೆರಳಿನಷ್ಟು ಹತ್ತಿರ ಇಳಿಸಿ ಬಿಗಿಯಿರಿ.

ಮೇಜಿನ ಮೇಲೆ ಒಂದು ಉದ್ದ ಅಡ್ಡಪಟ್ಟಿ ಇರುತ್ತದೆ. ಫೆನ್ಸ್ ಅನ್ನುತ್ತಾರೆ. ಅದನ್ನು ಎಡಕ್ಕೆ ಇಟ್ಟು, ತೊಟ್ಟಿಲನ್ನು ಅದಕ್ಕೆ ಒರಗಿಸಿ. ತೊಟ್ಟಿಲಿನ ಬಲ ಅಂಚು ಬ್ಲೇಡಿಗೆ ಸವರುವ ತನಕ ಅಡ್ಡಪಟ್ಟಿ ಸರಿಸಿ ಬಿಗಿಯಿರಿ. ಈಗ ತುಂಡು ಮಲಗಿಸಿ ನೋಡಿ. ಕಣಿವೆಯ ಗೆರೆಯಿಂದ ಬ್ಲೇಡಿಗೆ 5 ಸೆಂ.ಮೀ. ಅಂದರೆ ತುಂಡಿನ ಅಗಲದ ಅರ್ಧ. ಮೂಲೆ ಮಾತ್ರ ಹೊರಗೆ ಚಾಚಿದೆ. ನೀವು ದಾರದಿಂದ ಎಳೆದ ಗೆರೆ ಬ್ಲೇಡಿನ ನೇರಕ್ಕೆ ಬಂತಾ? ಬಂದರೆ ತೊಟ್ಟಿಲು ಸರಿ ಇದೆ.

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಜಡೆ ಕಟ್ಟಿ ಒಳಗೆ ಹಾಕಿ. ಬಳೆ ತೆಗೆಯಲು ಆಗದಿದ್ದರೆ ತೋಳಿನ ಕಡೆಗೆ ಏರಿಸಿ ಬಟ್ಟೆ ಸುತ್ತಿ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ಕೈಗವಸು ಮಾತ್ರ ಬೇಡ. ಹಲ್ಲಿಗೆ ಅದರ ಎಳೆ ಸಿಕ್ಕಿದರೆ ಕೈಯನ್ನೇ ಒಳಗೆ ಎಳೆಯುತ್ತದೆ.

ಮೊದಲ ಸಲ ಬೇಡವಾದ ಮರ ಇಟ್ಟು ನೋಡಿ. ಮಿಷನ್ನು ಪೂರ್ತಿ ವೇಗಕ್ಕೆ ಬರಲಿ. ತೊಟ್ಟಿಲನ್ನು ಅಡ್ಡಪಟ್ಟಿಗೆ ಒತ್ತಿ ನಿಧಾನ ತಳ್ಳಿ. ಎರಡೂ ಕೈ ಹಿಂಬದಿ ಹಲಗೆಯ ಹಿಂದೆಯೇ ಇರಬೇಕು. ಬ್ಲೇಡು ಕೆಳಕ್ಕೂ ಹಿಂದಕ್ಕೂ ಒತ್ತುತ್ತದೆ. ಕೆಳಗೆ ಕಣಿವೆ ಇದೆ, ಹಿಂದೆ ಹಲಗೆ ಇದೆ. ತುಂಡಿಗೆ ಹೋಗಲು ಜಾಗವಿಲ್ಲ. ಮೋಟಾರಿನ ಸದ್ದು ಇಳಿದರೆ ನೀವು ಅವಸರ ಮಾಡುತ್ತಿದ್ದೀರಿ ಅಂತ ಅರ್ಥ.

ತುಂಡಿನ ಬಾಲ ಕೊಯ್ದಾಯಿತೇ? ಅಲ್ಲೇ ನಿಲ್ಲಿಸಿ. ಸ್ವಿಚ್ಚು ಎಡಗೈಗೆ ಸಿಗುವ ಹಾಗೆ ಇರಲಿ. ಆರಿಸಿ. ಗಾಲಿ ನಿಲ್ಲುವ ತನಕ ಕಾಯಿರಿ. ಸ್ವಿಚ್ಚು ಆರಿಸಿದ ಮೇಲೂ ಬ್ಲೇಡು ಸ್ವಲ್ಪ ಹೊತ್ತು ಓಡುತ್ತದೆ. ಬಿದ್ದ ಮೂಲೆ ಕಡ್ಡಿಗೆ ಆಗಲೇ ಕೈ ಹಾಕಬೇಡಿ. ಓಡುವ ಬ್ಲೇಡಿನಿಂದ ತೊಟ್ಟಿಲನ್ನು ಹಿಂದಕ್ಕೂ ಎಳೆಯಬೇಡಿ. ಬ್ಲೇಡು ಗಾಲಿಯಿಂದ ಕಳಚಬಹುದು.

ನಿಂತ ಮೇಲೆ ತುಂಡನ್ನು ಮೊನೆಯಿಂದ ಬಿಡಿಸಿ. ಕಾಲು ಸುತ್ತು ತಿರುಗಿಸಿ ಮತ್ತೆ ಮಲಗಿಸಿ. ಹೀಗೆ ನಾಲ್ಕು ಸಲ. ಕತ್ತರಿಸಿದ ಮೂಲೆ ಕಣಿವೆಯ ತಳಕ್ಕೆ ಬಂದಾಗ ಅಲ್ಲಿ ಖಾಲಿ ಕಾಣುತ್ತದೆ. ಹೆದರಬೇಡಿ. ತುಂಡು ನಿಂತಿರುವುದು ಮೂಲೆಯ ಮೇಲಲ್ಲ, ಎರಡು ಪಕ್ಕದ ಮುಖಗಳ ಮೇಲೆ.

ಲೇತಕ್ಕ ನಾಲ್ಕನೆಯ ಮೂಲೆ ತೆಗೆದು ತುಂಡನ್ನು ಲೇತಿಗೆ ಏರಿಸಿದರು. ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದರು. ಆಮೇಲೆ ನಿಧಾನ ವೇಗ. ಉಳಿ ಇಟ್ಟರು. ಟಕಟಕ ಸದ್ದು ಸಣ್ಣದಾಗಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತು ಸರ್ರನೆ ಸಿಪ್ಪೆ ಬರತೊಡಗಿತು.

ಸಂಜೆ ಅವರು ತೊಟ್ಟಿಲಿನ ಪಕ್ಕದಲ್ಲಿ ಇದ್ದಲಿನಿಂದ ಬರೆದರು: "ತುಂಡು 10. ಬ್ಲೇಡು 5. ಮೊನೆ 7. ಅಂಟು 24 ಗಂಟೆ." ಅಂಟು ಪದದ ಸೊನ್ನೆ ಬಿಟ್ಟುಹೋಗಿ ಅಟು ಆಗಿತ್ತು. ಆಚಾರ್ರ ಮಗ ನಕ್ಕ. ಅವರು ತಾವೇ ಸೊನ್ನೆ ಸೇರಿಸಿದರು.

ಓದಿ, ಲೆಕ್ಕ ಮಾಡಿ, ಬರೆಯಿರಿ

ಆಲೆ, ಉಳಿ, ತೋಪಡ, ಮೂಲೆಮಟ್ಟ, ಕೊಡತಿ, ಕಣಿವೆ. ಈ ಪದಗಳನ್ನು ಎರಡು ಸಲ ಬರೆಯಿರಿ.

ಲೇತಕ್ಕ ಸೋಮವಾರ ಸಂಜೆ 5 ಗಂಟೆಗೆ ಅಂಟು ಹಾಕಿದರು. ತುಂಡನ್ನು ಯಾವಾಗ ಬಿಚ್ಚಬಹುದು? ದಿನ ಬರೆಯಿರಿ, ಗಂಟೆ ಬರೆಯಿರಿ.

ಇದೇ ತೊಟ್ಟಿಲಿನಲ್ಲಿ 12 ಸೆಂ.ಮೀ. ಚೌಕ ತುಂಡು ಕೊಯ್ಯಬೇಕು. ಮಿಷನ್ನಿನಲ್ಲಿ ಎತ್ತರ ಇದೆ. ಕಣಿವೆಯ ಗೆರೆಯಿಂದ ಬ್ಲೇಡಿಗೆ ಎಷ್ಟು ದೂರ ಇರಬೇಕು? ಅಡ್ಡಪಟ್ಟಿಯನ್ನು ಎಷ್ಟು ಸರಿಸಬೇಕು? ಮೊನೆಯನ್ನು ಎಷ್ಟು ಎತ್ತರಕ್ಕೆ ಹಾಕಬೇಕು? ದಾರ ಹಿಡಿದು ಅಳೆದು ಬರೆಯಿರಿ.

8 ಸೆಂ.ಮೀ. ತುಂಡನ್ನು ಈ ತೊಟ್ಟಿಲಿನಲ್ಲಿ ಕೊಯ್ದರೆ ಬ್ಲೇಡು ಯಾವುದನ್ನು ಕೊಯ್ಯುತ್ತದೆ? ಪಕ್ಕದ ಅಕ್ಕನ ಜೊತೆ ಮಾತಾಡಿ ಹೇಳಿ.